ಬೆಲ್‌ವ್ಯೂನಲ್ಲಿ ಮ್ಯಾಜಿಕ್ ಕಲಿತ ವಾರ

ಮಂಗಳವಾರ

ಫೆಬ್ರುವರಿಯಲ್ಲಿ ಸಿಯಾಟಲ್ ಕಡೆಗೆ ಪ್ರವಾಸ ಹೋಗುವವರು ಕಡಿಮೆ. ಚಳಿ, ಜಿನುಗು ಮಳೆ, ಐದೂವರೆಗೆಲ್ಲ ಕತ್ತಲು. 2025ರಲ್ಲಿ ನಾನು ಹೋಗಿದ್ದು ಸರಿಯಾಗಿ ಆ ತಿಂಗಳ ಮೊದಲ ವಾರ. ನನಗೆ ರಜೆ ಸಿಕ್ಕಿದ್ದೇ ಆಗ. ಅಕ್ಕನ ಮನೆ ಬೆಲ್‌ವ್ಯೂನಲ್ಲಿದೆ. ಲೇಕ್ ವಾಷಿಂಗ್ಟನ್ ಅನ್ನೋ ಉದ್ದನೆಯ ಸರೋವರದ ಈಚೆ ದಡ ಬೆಲ್‌ವ್ಯೂ, ಆಚೆ ದಡ ಸಿಯಾಟಲ್.

ಬಿಸಿ ಅನ್ನ ಸಾರು ಉಂಡು ಮಲಗಿದ್ದೇನೋ ಹೌದು, ನಡುರಾತ್ರಿ ಕಣ್ಣು ಬಿಟ್ಟುಕೊಂಡಿತು. ನೀರು ಕುಡಿಯೋಣ ಅಂತ ಕೆಳಗೆ ಬಂದೆ. ಊಟದ ಟೇಬಲ್ ಮೇಲೆ ಅಕ್ಕನ ಮಗ ಪುಟ್ಟ ಆಡುವ ಮ್ಯಾಜಿಕ್ ಅನ್ನೋ ಆಟದ ಕಾರ್ಡುಗಳು. ಅವನಿಗೆ ಹದಿನೈದು ವರ್ಷ. ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದ. ಒಂದು ಕೈಗೆತ್ತಿಕೊಂಡೆ. ಅಂಗೈಯಗಲದ ಕಾರ್ಡು. ಮೇಲರ್ಧ ಒಂದು ಚಿತ್ರ: ಬಿಳಿ ರೆಕ್ಕೆಯ ದೇವತೆ, ಕೈಯಲ್ಲಿ ಕತ್ತಿ. ಕೆಳಗೆ ಎರಡು ಸಾಲು ಇಂಗ್ಲಿಷ್. ಬಲಗಡೆ ಮೂಲೆಯಲ್ಲಿ 4/4. ಹೆಸರು ಸೆರಾ ಏಂಜೆಲ್. ಚಿತ್ರ ಬರೆದವರ ಹೆಸರನ್ನೂ ಕೆಳ ಅಂಚಿನಲ್ಲಿ ಚಿಕ್ಕದಾಗಿ ಅಚ್ಚು ಹಾಕಿದ್ದರು. ಅದು ನನಗೆ ತುಂಬ ಹಿಡಿಸಿತು. ಒಂದೊಂದು ಕಾರ್ಡಿನಲ್ಲೂ ಕಲಾವಿದರ ಹೆಸರಿತ್ತು. ಬೆಳಗಾಗುವವರೆಗೂ ಚಿತ್ರ ನೋಡುತ್ತ ಕೂತೆ.

ಬುಧವಾರ

ಪುಟ್ಟ ಸ್ಕೂಲಿನಿಂದ ಬಂದವನೇ, "ಚಿಕ್ಕಿ, ಅಮ್ಮ ಹೇಳಿದ್ಳು, ನೀನು ನನ್ನ ಕಾರ್ಡ್ ನೋಡ್ತಿದ್ದೆ ಅಂತ. ಕಲೀತೀಯಾ?" ಅಂದ. ಅವನ ಕನ್ನಡಕ್ಕೆ ಅಲ್ಲಿನ ರಾಗ ಬಂದಿದೆ, ಆದರೆ ನಿಲ್ಲಿಸದೆ ಮಾತಾಡುತ್ತಾನೆ.

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಪೋಕೆಮಾನ್, ಯು-ಗಿ-ಓ ಇವೆಲ್ಲ ಇದರ ಹಿಂದೆ ಬಂದವು. ಇಸ್ಪೀಟಿನಲ್ಲಿ ಒಂದೇ ಕಟ್ಟು, ಅದನ್ನೇ ಎಲ್ಲರಿಗೂ ಹಂಚುತ್ತೇವೆ. ಇಲ್ಲಿ ಹಾಗಲ್ಲ. ಒಬ್ಬೊಬ್ಬರೂ ತಾವೇ ಆರಿಸಿ ಜೋಡಿಸಿದ ಕಟ್ಟು ತರುತ್ತಾರೆ. ಅದಕ್ಕೆ ಡೆಕ್ ಅನ್ನುತ್ತಾರೆ, ಸಾಮಾನ್ಯವಾಗಿ ಕಡಿಮೆ ಅಂದರೆ 60 ಕಾರ್ಡು ಇರಬೇಕು. ಎದುರಿನವರ ಡೆಕ್‌ನಲ್ಲಿ ಏನಿದೆ ಅಂತ ನಮಗೆ ಗೊತ್ತಿರೋದಿಲ್ಲ. ನಮ್ಮದು ಅವರಿಗೆ ಗೊತ್ತಿರೋದಿಲ್ಲ. ಇಬ್ಬರಿಗೂ 20 ಪ್ರಾಣ. ಎದುರಿನವರದನ್ನು ಸೊನ್ನೆಗೆ ಇಳಿಸಿದವರು ಗೆದ್ದರು.

ಪುಟ್ಟ ಹೊಸಬರಿಗಾಗಿ ಮಾಡಿದ ಒಂದು ಡಬ್ಬಿ ತಂದ. ಫೌಂಡೇಶನ್ಸ್ ಬಿಗಿನರ್ ಬಾಕ್ಸ್. ಅದರಲ್ಲಿ 20 ಕಾರ್ಡಿನ ಹತ್ತು ಚಿಕ್ಕ ಕಟ್ಟುಗಳು. ಬೇಕಾದ ಎರಡನ್ನು ಸೇರಿಸಿ ಕಲಸಿದರೆ ಒಂದು ಡೆಕ್ ಆಯಿತು. ಆದರೆ ಮೊದಲ ಆಟಕ್ಕೆ ಬೆಕ್ಕುಗಳದ್ದು ಒಂದು, ವ್ಯಾಂಪೈರ್‌ಗಳದ್ದು ಒಂದು ಅಂತ ಬೇರೆಯೇ ಇಟ್ಟಿದ್ದಾರೆ. ಅವನ್ನು ಕಲಸುವ ಹಾಗಿಲ್ಲ. ಜೊತೆಗಿರುವ ಪುಸ್ತಿಕೆ ಹೇಳಿದ ಹಾಗೆ ಒಂದೊಂದೇ ಹೆಜ್ಜೆ ಆಡುತ್ತ ಹೋಗಬೇಕು. ನನಗೆ ಬೆಕ್ಕು ಬಂತು.

ಈ ಆಟದ ಬುಡ ಅಂದರೆ ನೆಲ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಅಂತ ಐದು ಬಗೆಯ ನೆಲದ ಕಾರ್ಡುಗಳು. ಒಂದೊಂದರಿಂದ ಒಂದೊಂದು ಬಣ್ಣದ ಶಕ್ತಿ ಹುಟ್ಟುತ್ತೆ: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಅದಕ್ಕೆ ಮಾನಾ ಅನ್ನುತ್ತಾರೆ. ನಮ್ಮ ಸರದಿ ಬಂದಾಗ ಒಂದು ನೆಲ ಇಳಿಸಬಹುದು, ಒಂದೇ ಒಂದು. ಆ ನೆಲದ ಕಾರ್ಡನ್ನು ಅಡ್ಡ ತಿರುಗಿಸಿದರೆ ಒಂದು ಮಾನಾ ಬಳಸಿದ ಹಾಗೆ. ಮುಂದಿನ ಸರದಿಗೆ ಮತ್ತೆ ನೆಟ್ಟಗೆ. ಮೊದಲ ಸರದಿಯಲ್ಲಿ ಒಂದು ಮಾನಾದ ಪುಟ್ಟ ಬೆಕ್ಕು, ಐದನೆಯ ಸರದಿ ಹೊತ್ತಿಗೆ ಸೆರಾ ಏಂಜೆಲ್‌ನಂಥ ದೊಡ್ಡದು. ಆಟ ಹಾಗೆ ತಾನೇ ತಾನಾಗಿ ಏರುತ್ತ ಹೋಗುತ್ತೆ.

ಒಂದು ನಿಯಮ ಮಾತ್ರ ನನ್ನನ್ನು ಹಿಡಿದು ಕೂರಿಸಿತು. ನನ್ನ ಜೀವಿಗಳು ಹೊಡೆಯಲು ಹೊರಟಾಗ ಇಂಥದ್ದಕ್ಕೇ ಹೊಡಿ ಅಂತ ನಾನು ಹೇಳುವ ಹಾಗಿಲ್ಲ. ಅವು ಎದುರಾಳಿಯ ಮೇಲೆಯೇ ಹೋಗುತ್ತವೆ. ಯಾವುದಕ್ಕೆ ಯಾವುದನ್ನು ಅಡ್ಡ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ, ಅದು ಎದುರಾಳಿಗೆ ಬಿಟ್ಟಿದ್ದು. ಹಾಗಾಗಿ ಹೊಡೆಯುವ ಮೊದಲು ಅವರ ಜಾಗದಲ್ಲಿ ಕೂತು ಯೋಚಿಸಲೇಬೇಕು. ನಾನಾಗಿದ್ದರೆ ಏನು ಮಾಡ್ತಿದ್ದೆ? ಅವರ ಕಡೆ ಎರಡು ನೆಲ ತಿರುಗಿಸದೆ ಉಳಿದಿವೆ, ಯಾಕೆ ಉಳಿಸಿಕೊಂಡಿದ್ದಾರೆ?

ಆ ಎರಡನೆಯ ಪ್ರಶ್ನೆಗೆ ಉತ್ತರ ಊಟ ಆದ ಮೇಲೆ ಸಿಕ್ಕಿತು. ಪುಟ್ಟ ತನ್ನ ಹಸಿರು ಡೆಕ್ ತಂದಿದ್ದ. ಅವನ 2/2 ಕರಡಿ ಹೊಡೆಯಲು ಬಂತು. ಮೊದಲ ಅಂಕಿ ಎಷ್ಟು ಹೊಡೆಯುತ್ತೆ ಅಂತ, ಎರಡನೆಯದು ಎಷ್ಟು ಹೊಡೆತಕ್ಕೆ ಸಾಯುತ್ತೆ ಅಂತ. ನಾನು 3/3 ಬೆಕ್ಕನ್ನು ಅಡ್ಡ ನಿಲ್ಲಿಸಿದೆ. ಕರಡಿ ಸಾಯಬೇಕಿತ್ತು. ಅವನು ನಿಧಾನಕ್ಕೆ ಉಳಿದಿದ್ದ ಒಂದು ಕಾಡನ್ನು ಅಡ್ಡ ತಿರುಗಿಸಿ ಜೈಂಟ್ ಗ್ರೋತ್ ಅನ್ನೋ ಕಾರ್ಡ್ ಇಟ್ಟ. ಈ ಸರದಿ ಮುಗಿಯುವವರೆಗೆ ಕರಡಿಗೆ 3/3 ಜಾಸ್ತಿ. ಅಂದರೆ 5/5. ನನ್ನ ಬೆಕ್ಕು ಹೋಯಿತು. ಒಂದೇ ಒಂದು ಮಾನಾದ ಕಾರ್ಡು! 1993ರ ಮೊದಲ ಮುದ್ರಣದಿಂದಲೂ ಇದೆಯಂತೆ. ಅಂಥ ಕಾರ್ಡುಗಳಿಗೆ ಇನ್‌ಸ್ಟಂಟ್ ಅನ್ನುತ್ತಾರೆ, ಯಾರ ಸರದಿಯಲ್ಲಾದರೂ ಇಳಿಸಬಹುದು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ಇನ್ನೊಂದು ಇಳಿಸಬಹುದು. ಕೊನೆಗೆ ಇಳಿಸಿದ್ದು ಮೊದಲು ನಡೆಯುತ್ತೆ. "ಇನ್ನೊಂದಾಟ" ಅಂದೆ. ಹನ್ನೊಂದಕ್ಕೆ ಅಕ್ಕ ಬಂದು ದೀಪ ಆರಿಸಿದಳು.

ಗುರುವಾರ

ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದರು. ಕೊಡೆ ಹಿಡಿದು ಸುಮ್ನೆ ಬೀದಿ ಸುತ್ತಿದೆ. ಈ ಆಟ ಹುಟ್ಟಿದ್ದೇ ಈ ಸೀಮೆಯಲ್ಲಿ ಅನ್ನೋದು ತಲೆಯಲ್ಲಿ ಸುತ್ತುತ್ತಿತ್ತು.

ರಿಚರ್ಡ್ ಗಾರ್ಫೀಲ್ಡ್ ಗಣಿತದ ಮನುಷ್ಯ. ಪೆನ್ಸಿಲ್ವೇನಿಯಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ತಾನು ಕಟ್ಟಿದ್ದ ಒಂದು ಬೋರ್ಡ್ ಆಟವನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಅನ್ನೋ ಪುಟಾಣಿ ಕಂಪನಿಗೆ ತೋರಿಸಿದರು. ಅದರ ಯಜಮಾನ ಪೀಟರ್ ಆಡ್ಕಿಸನ್. ಬೋರ್ಡ್ ಆಟ ಚೆನ್ನಾಗಿದೆ, ಆದರೆ ಅದನ್ನು ತಯಾರಿಸುವಷ್ಟು ದುಡ್ಡಿಲ್ಲ ಅಂದರು ಆಡ್ಕಿಸನ್. ಜೇಬಲ್ಲಿ ಹಿಡಿಸುವಂಥ, ಬೇಗ ಮುಗಿಯುವಂಥ ಆಟ ಇದ್ದರೆ ಕೊಡಿ ಅಂತ ಕೇಳಿದರು. ಗಾರ್ಫೀಲ್ಡ್ ಯೋಚನೆ ಅಲ್ಲಿಂದ ಹೊರಟಿತು. ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಕಾರ್ಡು ಇರಲಿ, ಪೂರ್ತಿ ಆಟ ಯಾರೊಬ್ಬರ ಡಬ್ಬಿಯಲ್ಲೂ ಹಿಡಿಸದಷ್ಟು ದೊಡ್ಡದಿರಲಿ. 1993ರ ಆಗಸ್ಟ್‌ನಲ್ಲಿ ಮಾರಾಟಕ್ಕೆ ಬಂತು. ಆಲ್ಫಾ ಅಂತ ಕರೆಯುವ ಆ ಮೊದಲ ಮುದ್ರಣದ 26 ಲಕ್ಷ ಕಾರ್ಡುಗಳು ಬೇಗನೆ ಖರ್ಚಾದವು.

ಮೊದಲ ನಿಯಮಗಳಲ್ಲಿ ಪಣವೂ ಇತ್ತು. ಆಟಕ್ಕೆ ಮೊದಲು ಇಬ್ಬರೂ ಒಂದೊಂದು ಕಾರ್ಡು ಪಕ್ಕಕ್ಕಿಡಬೇಕು, ಗೆದ್ದವರಿಗೆ ಎರಡೂ ಕಾರ್ಡು. ಆಡುವವರಿಗೇ ಅದು ರುಚಿಸಲಿಲ್ಲ, ನಿಂತು ಹೋಯಿತು. ನಿಂತಿದ್ದು ಒಳ್ಳೆಯದೇ ಆಯಿತು. ಹೊಸಬರು ಮೊದಲ ದಿನವೇ ಕಾರ್ಡು ಕಳೆದುಕೊಂಡು ಮನೆಗೆ ಹೋದರೆ ಮತ್ತೆ ಯಾಕೆ ಬರ್ತಾರೆ?

ಇನ್ನೊಂದು ನೆನಪಾಯಿತು. ನಾನು ಮೈಸೂರಿನವಳು. ನಮ್ಮಲ್ಲಿ ಗಂಜೀಫಾ ಇದೆ. ಕೈಯಿಂದ ಚಿತ್ರ ಬರೆದ, ಹೆಚ್ಚಾಗಿ ದುಂಡಗಿನ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ತಲಾ 12ರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟದ ಮೇಲೆ ಎಷ್ಟು ಪ್ರೀತಿ ಅಂದರೆ ತಾವೇ ಹೊಸ ಹೊಸ ಆಟಗಳನ್ನು ಕಟ್ಟಿಸಿದರು. ಅವುಗಳಲ್ಲಿ ಒಂದಕ್ಕೆ 360 ಎಲೆ! ಇವತ್ತು ಗಂಜೀಫಾ ಎಲೆಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕುತ್ತೇವೆ, ಆಡುವವರು ಎಲ್ಲೋ ಕೆಲವರು. ಎಲೆಯಲ್ಲಿ ಚಿತ್ರ ಇದ್ದಷ್ಟೂ ಆಟ ಜೀವ ತುಂಬಿಕೊಳ್ಳುತ್ತೆ ಅಂತ ಇನ್ನೂರು ವರ್ಷದ ಹಿಂದೆಯೇ ನಮ್ಮೂರಲ್ಲಿ ಗೊತ್ತಿತ್ತು. ಆಡುವುದು ನಿಂತಿದ್ದು ನನಗೆ ನಿಜಕ್ಕೂ ನೋವಿನ ವಿಷಯ.

ಸಂಜೆ ಪುಟ್ಟ ಕೇಳಿದ, "ನಾಳೆ ಪ್ರೀರಿಲೀಸ್ ಇದೆ. ಬರ್ತೀಯಾ ಚಿಕ್ಕಿ?"

ಶುಕ್ರವಾರ

ಹೊಸ ಕಾರ್ಡುಗಳ ಕಂತು ಅಂಗಡಿಗೆ ಬರುವ ಒಂದು ವಾರ ಮೊದಲು, ಆಡುವವರೆಲ್ಲ ಸೇರಿ ಅದನ್ನು ಒಡೆದು ಆಡುವ ಕೂಟವೇ ಪ್ರೀರಿಲೀಸ್. ಹೊಸಬರು ಹೋಗಬೇಕಾದ್ದು ಇಂಥದ್ದಕ್ಕೇ. ಯಾಕೆಂದರೆ ಆ ದಿನ ಆ ಕಾರ್ಡುಗಳು ಎಲ್ಲರಿಗೂ ಹೊಸವು. ಇಪ್ಪತ್ತು ವರ್ಷ ಆಡಿದವರೂ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ಓದುತ್ತಿರುತ್ತಾರೆ.

ನಾವು ಹೋಗಿದ್ದು ಬೆಲ್‌ವ್ಯೂನ ಮಾಕ್ಸ್ ಬೋರ್ಡಿಂಗ್ ಹೌಸ್‌ಗೆ. ಒಂದೇ ಸೂರಿನಡಿ ಅಂಗಡಿ, ಹೋಟೆಲು, ಆಡಲು ಮೇಜುಗಳು. ಮಾಕ್ಸ್ ಅನ್ನೋದು ಆಲ್ಫಾದ ಹೆಸರುವಾಸಿ ಕಾರ್ಡುಗಳ ಹೆಸರು. ಒಳಗೆ ಕಾಲಿಟ್ಟರೆ ಫ್ರೆಂಚ್ ಫ್ರೈಸ್ ವಾಸನೆ, ಕಾರ್ಡು ಕಲಸುವ ಸದ್ದು. ಪ್ಲಾಸ್ಟಿಕ್ ಸ್ಲೀವ್ ಹಾಕಿದ ನೂರಾರು ಕಾರ್ಡುಗಳನ್ನು ಒಟ್ಟಿಗೇ ಕಲಸಿದರೆ ಮಳೆ ಬಂದ ಹಾಗೇ ಕೇಳುತ್ತೆ. ಕಾಲೇಜು ಹುಡುಗರು, ಅಪ್ಪ ಮಗಳು, ಆಫೀಸಿನ ಐಡಿ ಕಾರ್ಡು ಇನ್ನೂ ಕತ್ತಿನಲ್ಲೇ ಇದ್ದವರು. ಭಾರತದ ಮುಖಗಳೂ ಬೇಕಾದಷ್ಟು.

ಹೆಸರು ಬರೆಸಿದ ಮೇಲೆ ಒಂದು ಡಬ್ಬಿ ಕೊಟ್ಟರು. ಒಳಗೆ ಆರು ಪ್ಯಾಕು, ಒಂದೊಂದರಲ್ಲಿ 14 ಕಾರ್ಡು, ಬೇರೆಯಾಗಿ ಮಿಂಚುವ ಒಂದು ವಿಶೇಷ ಕಾರ್ಡು, ಪ್ರಾಣ ಎಣಿಸಲು ಇಪ್ಪತ್ತು ಮುಖದ ದಾಳ. ಇಷ್ಟರಲ್ಲೇ 40 ಕಾರ್ಡಿನ ಡೆಕ್ ಕಟ್ಟಬೇಕು. ನೆಲದ ಕಾರ್ಡು ಎಷ್ಟು ಬೇಕಾದರೂ ಅಂಗಡಿಯವರೇ ಕೊಡುತ್ತಾರೆ. ಪುಟ್ಟ ಹೇಳಿಕೊಟ್ಟ ಲೆಕ್ಕ: 17 ನೆಲ, ಮಿಕ್ಕ 23. ಬಣ್ಣ ಎರಡೇ ಇರಲಿ. ನೆಲ ಜಾಸ್ತಿಯಾದರೆ ಇಳಿಸಲು ಏನೂ ಇರೋದಿಲ್ಲ, ಕಡಿಮೆಯಾದರೆ ಕೈತುಂಬ ಕಾರ್ಡಿದ್ದೂ ಕೂರಬೇಕು. ರೊಟ್ಟಿ ಹಿಟ್ಟಿಗೆ ನೀರು ಬೆರೆಸುವ ಹಾಗೆ ಇದಕ್ಕೂ ಒಂದು ಹದ ಇದೆ.

ಆ ದಿನದ ಕಂತಿನ ಹೆಸರು ಈಥರ್‌ಡ್ರಿಫ್ಟ್. ಮೂರು ಲೋಕಗಳ ಮೂಲಕ ಹಾದು ಹೋಗುವ ಗಾಡಿ ಪಂದ್ಯ ಅದರ ಕಥೆ. ಪಂದ್ಯದ ಒಂದು ಲೋಕದ ಹೆಸರು ಆವಿಷ್ಕಾರ್. 2016ರಲ್ಲಿ ಮೊದಲು ಬಂದಾಗ ಅದನ್ನು ಕಲಾದೇಶ್ ಅಂತ ಕರೆದಿದ್ದರು. ಭಾರತವನ್ನು ನೋಡಿ ಕಟ್ಟಿದ ಲೋಕ. ಹೂಬಳ್ಳಿ ಕೆತ್ತಿದ ಹಿತ್ತಾಳೆ ಯಂತ್ರಗಳು, ಜರಿ ಅಂಚಿನ ಬಟ್ಟೆ, ನಮ್ಮವರಂಥ ಮೈಬಣ್ಣ. ಸೀತಾ ವರ್ಮ ಅಂತ ಮುಖವಾಡದ ಒಬ್ಬ ರೇಸರ್ ಕೂಡ ಇದ್ದಾಳೆ! ಅದು ಪಕ್ಕದ ಮೇಜಿನ ಹುಡುಗಿಗೆ ಸಿಕ್ಕಿತು. ನಾನು ಕೇಳಿ ತೆಗೆದುಕೊಂಡು ಎರಡೆರಡು ಸಲ ನೋಡಿದೆ.

ಈ ಕಂತಿನ ನಿಯಮಗಳೂ ಕಥೆಗೆ ತಕ್ಕ ಹಾಗೆ. ಕೆಲವು ಕಾರ್ಡು ಇಳಿಸಿದರೆ ನಿಮ್ಮ ವೇಗ 1 ಆಗುತ್ತೆ. ನಿಮ್ಮ ಸರದಿಯಲ್ಲಿ ಎದುರಾಳಿಯ ಪ್ರಾಣ ಕಡಿಮೆಯಾದರೆ ವೇಗ ಒಂದು ಏರುತ್ತೆ. ಒಂದು ಸರದಿಗೆ ಒಂದೇ ಸಲ, 4ರವರೆಗೆ. 4 ಮುಟ್ಟಿದರೆ ನಿಮ್ಮ ಕೆಲವು ಕಾರ್ಡುಗಳಿಗೆ ಹೊಸ ಶಕ್ತಿ ಬರುತ್ತೆ. ಬರೀ ಕಾಯುತ್ತ ಕೂತರೆ ವೇಗ ಏರೋದಿಲ್ಲ, ಮುನ್ನುಗ್ಗಲೇಬೇಕು.

ಮೊದಲ ಸುತ್ತಿನಲ್ಲಿ ನನ್ನೆದುರು ಬಂದವರು ನಮ್ಮಪ್ಪನ ವಯಸ್ಸಿನವರು. ಬಿಳಿ ಗಡ್ಡ, ಓದುವ ಕನ್ನಡಕ. ನಾನು ಹೊಸಬಳು ಅಂದೆ. ಹಾಗಾದರೆ ನಿಧಾನಕ್ಕೆ ಆಡೋಣ, ಏನು ಬೇಕಾದರೂ ಕೇಳಿ ಅಂದರು. ಆಟದ ನಡುವೆ ನನ್ನ ಹತ್ತಿರ ಒಂದು ಗಾಡಿ ಇತ್ತು. ಗಾಡಿ ತಾನಾಗಿ ಓಡೋದಿಲ್ಲ, ಅದರ ಮೇಲೆ ಬರೆದಷ್ಟು ಶಕ್ತಿಯ ಜೀವಿಗಳನ್ನು ಅಡ್ಡ ತಿರುಗಿಸಿ ಓಡಿಸಬೇಕು. ಆ ಸರದಿಯಲ್ಲಿ ನಾನು ಹೊಸ ಜೀವಿಯೊಂದನ್ನು ಇಳಿಸಿದ್ದೆ. ಆಗಷ್ಟೇ ಬಂದ ಜೀವಿ ಅದೇ ಸರದಿಯಲ್ಲಿ ಹೊಡೆಯುವಂತಿಲ್ಲ ಅಂತ ಬುಧವಾರವೇ ಕಲಿತಿದ್ದೆ. ಸರದಿ ಬಿಟ್ಟುಕೊಡುವವಳಿದ್ದೆ. ಅವರು ಕೈಯೆತ್ತಿ ತಡೆದರು. ಹೊಡೆಯುವಂತಿಲ್ಲ ನಿಜ, ಆದರೆ ಗಾಡಿ ಓಡಿಸಬಹುದು, ನೋಡಿ ಅಂದರು. ನೋಡಿದೆ. ಹೌದು! ಗಾಡಿ ಹೊರಟಿತು, ಅವರ ಹತ್ತಿರ ಅಡ್ಡ ನಿಲ್ಲಿಸಲು ಏನೂ ಇರಲಿಲ್ಲ. ಅವರ ಪ್ರಾಣ ಐದು ಇಳಿಯಿತು, ನನ್ನ ವೇಗ ಮೂರಕ್ಕೇರಿತು. ತಮ್ಮನ್ನೇ ಹೊಡೆಯುವ ದಾರಿಯನ್ನು ನನಗೆ ತೋರಿಸಿಕೊಟ್ಟು, ದಾಳ ತಿರುಗಿಸುತ್ತ ಖುಷಿಯಾಗಿ ನಕ್ಕರು.

ಆ ಸುತ್ತು ಅವರೇ ಗೆದ್ದರು. ಮುಗಿದ ಮೇಲೆ ಕೈಕುಲುಕಿ, ಅಂಚಿಗಿಟ್ಟಿದ್ದ ನನ್ನ ಕಾರ್ಡುಗಳನ್ನೆಲ್ಲ ಹರಡಿ, ಇದು ತೆಗಿ, ಇದು ಸೇರಿಸು ಅಂತ ಹತ್ತು ನಿಮಿಷ ಡೆಕ್ ತಿದ್ದಿಕೊಟ್ಟರು. ಮುಂದಿನ ಸುತ್ತು ನಾನು ಗೆದ್ದೆ. ಅವರು ಇನ್ನೊಂದು ಮೇಜಿನಿಂದ ಹೆಬ್ಬೆರಳೆತ್ತಿದರು. ಪುಸ್ತಿಕೆ ಓದಿ, ವಿಡಿಯೋ ನೋಡಿ ಇದನ್ನು ಕಲಿಯಬಹುದು, ಇಲ್ಲ ಅನ್ನೋದಿಲ್ಲ. ಆದರೆ ಎದುರಿಗೆ ಕೂತು, ತಮಗೆ ನಷ್ಟವಾದರೂ ಸರಿ ಅಂತ ಹೇಳಿಕೊಡುವವರು ಸಿಕ್ಕರೆ ಅದರ ಮಾತೇ ಬೇರೆ.

ಶನಿವಾರ

ಭಾವ ಕಾರು ತೆಗೆದರು. ತೇಲುವ ಸೇತುವೆ ದಾಟಿ ಸಿಯಾಟಲ್‌ಗೆ. ನೀರಿನ ಮೇಲೆ ತೇಲುವ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು ಇದು. ಪೈಕ್ ಪ್ಲೇಸ್ ಮಾರುಕಟ್ಟೆ ನೋಡಿದೆವು, ಕಾಫಿ ಕುಡಿದೆವು. ಬರುವಾಗ ಸರೋವರದ ದಕ್ಷಿಣ ತುದಿಯ ರೆಂಟನ್ ಕಡೆಯಿಂದ ಬಂದೆವು. ಬೋಯಿಂಗ್ 737 ವಿಮಾನ ಜೋಡಿಸುವ ಊರು. ವಿಜರ್ಡ್ಸ್ ಕಂಪನಿಯೂ ಅಲ್ಲಿಯದೇ. 1999ರಲ್ಲಿ ಅದನ್ನು ಹ್ಯಾಸ್‌ಬ್ರೋ ಅನ್ನೋ ಆಟಿಕೆ ಕಂಪನಿ ಕೊಂಡಿತು.

ನನಗೆ ಆ ದಿನ ನೆನಪಿರುವುದು ನಡುವೆ ಹೊಕ್ಕ ಒಂದು ಕಾರ್ಡ್ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕಾರ್ಡುಗಳು, ಒಂದೊಂದಕ್ಕೆ ನೂರಾರು ಡಾಲರ್. 1996ರಲ್ಲಿ ಕಂಪನಿ ಒಂದು ಪಟ್ಟಿ ಮಾಡಿ, ಇವನ್ನು ಮತ್ತೆ ಅಚ್ಚು ಹಾಕೋದಿಲ್ಲ ಅಂತ ಮಾತು ಕೊಟ್ಟಿದೆ. ಹಾಗಾಗಿ ಆ ಬೆಲೆ. 2023ರಲ್ಲಿ ಒಂದೇ ಒಂದು ಪ್ರತಿ ಅಚ್ಚಾದ ಉಂಗುರದ ಕಾರ್ಡನ್ನು ಗಾಯಕ ಪೋಸ್ಟ್ ಮಲೋನ್ ಸುಮಾರು 20 ಲಕ್ಷ ಡಾಲರಿಗೆ ಕೊಂಡ ಸುದ್ದಿ ಎಲ್ಲ ಕಡೆ ಬಂದಿತ್ತು. ಈ ಸುದ್ದಿ ಕೇಳಿ ದುಡ್ಡು ಮಾಡಲು ಪ್ಯಾಕ್ ಒಡೆಯುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಬಹಳಷ್ಟು ಪ್ಯಾಕುಗಳಲ್ಲಿ ಸಿಗುವುದು ಪ್ಯಾಕಿನ ಬೆಲೆಗಿಂತ ಕಡಿಮೆಯದೇ.

ಪುಟ್ಟ ನನ್ನನ್ನು ಗಾಜಿನ ಪೆಟ್ಟಿಗೆ ದಾಟಿಸಿ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಉದ್ದುದ್ದ ರಟ್ಟಿನ ಡಬ್ಬಿಗಳು, ಚಿಲ್ಲರೆ ಕಾಸಿಗೆ ಒಂದು ಕಾರ್ಡು. ಡೆಕ್‌ಗೆ ಯಾವುದು ಬೇಕೋ ಅದನ್ನೇ ಬಿಡಿಯಾಗಿ ಕೊಳ್ಳೋದು ಅಲ್ಲಿ. ಬೆರಳ ತುದಿಯಿಂದ ಒಂದೊಂದೇ ತಳ್ಳುತ್ತ ನೋಡಿದೆವು. ಕಲಾದೇಶ್ ಕಾಲದ ಒಂದು ಕಾರ್ಡು ಸಿಕ್ಕಿತು: ರಶ್ಮಿ, ಇಟರ್ನಿಟೀಸ್ ಕ್ರಾಫ್ಟರ್. ನನ್ನ ಕ್ಲಾಸಿನಲ್ಲೇ ಮೂವರು ರಶ್ಮಿಯರಿದ್ದರು. ಕೊಂಡೆ.

ಭಾನುವಾರ

ಮಧ್ಯಾಹ್ನ ಪುಟ್ಟನ ಇಬ್ಬರು ಗೆಳೆಯರು ಬಂದರು. ಕಮಾಂಡರ್ ಆಟ. ಸಾಮಾನ್ಯವಾಗಿ ನಾಲ್ಕು ಜನ ಕೂತು ಆಡುವುದು. ಒಬ್ಬೊಬ್ಬರಿಗೆ 100 ಕಾರ್ಡಿನ ಡೆಕ್, ಮೂಲ ನೆಲಗಳನ್ನು ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. ಪ್ರಾಣ 40. ಡೆಕ್‌ಗೊಬ್ಬ ನಾಯಕ, ಸತ್ತರೂ ಎರಡು ಮಾನಾ ಜಾಸ್ತಿ ಕೊಟ್ಟು ಮತ್ತೆ ಕರೆಸಬಹುದು. ಪುಟ್ಟ ನನಗಾಗಿ ಬೆಳಗ್ಗೆಯೇ ತನ್ನ ಹಸಿರು-ನೀಲಿ ಡೆಕ್‌ಗೆ ರಶ್ಮಿಯನ್ನು ನಾಯಕಿ ಮಾಡಿ ಜೋಡಿಸಿಟ್ಟಿದ್ದ.

ಇಬ್ಬರ ಆಟದಲ್ಲಿ ಇಲ್ಲದ್ದು ನಾಲ್ವರ ಆಟದಲ್ಲಿದೆ: ಮಾತು. "ನನ್ನನ್ನ ಬಿಡು, ಅವನ ಡ್ರ್ಯಾಗನ್ ನೋಡು." "ಈ ಸಲ ನೀನು ಹೊಡೀಬೇಡ, ಮುಂದಿನ ಸಲ ನಾನು ಹೊಡೆಯಲ್ಲ." ಕೊಟ್ಟ ಮಾತು ಯಾರು ಉಳಿಸಿಕೊಂಡರು, ಯಾರು ಮುರಿದರು ಅನ್ನೋದು ಮುಂದಿನ ಆಟಕ್ಕೂ ನೆನಪಿರುತ್ತೆ. ಅಕ್ಕ ಚಿತ್ರಾನ್ನದ ತಟ್ಟೆ ತಂದು ಇಟ್ಟು ಹೋಗುವವಳು, ನಿಂತು ನೋಡಿದಳು, ಕುರ್ಚಿ ಎಳೆದುಕೊಂಡಳು. "ಅವನ ಕೈಯಲ್ಲಿ ಒಂದೇ ಕಾರ್ಡಿದೆ, ಹೊಡಿಯೇ" ಅಂತ ನನ್ನ ಕಿವಿಯಲ್ಲಿ ಹೇಳಿದಳು. ಇಷ್ಟು ವರ್ಷ ಮನೆಯಲ್ಲಿ ಈ ಆಟ ನಡೆದಿದ್ದರೂ ಅವಳು ಪಕ್ಕದಲ್ಲಿ ಕೂತಿದ್ದು ಅವತ್ತೇ ಅಂತೆ. ಎಣ್ಣೆ ಕೈ ಯಾರೂ ಕಾರ್ಡು ಮುಟ್ಟಬಾರದು ಅಂತ ಪುಟ್ಟ ಎಲ್ಲರಿಗೂ ಚಮಚ ತಂದು ಕೊಟ್ಟ. ಎರಡು ಗಂಟೆ ಒಂದೇ ಆಟ. ಡ್ರ್ಯಾಗನ್ ಹುಡುಗ ಗೆದ್ದ. ಕೊನೆಗೆ ಉಳಿದ ಇಬ್ಬರಲ್ಲಿ ನಾನೂ ಇದ್ದೆ.

ಸೋಮವಾರ

ಸೂಟ್‌ಕೇಸ್ ಕಟ್ಟುವಾಗ ಪುಟ್ಟ ಬೆಕ್ಕು, ವ್ಯಾಂಪೈರ್ ಎರಡೂ ಕಟ್ಟುಗಳನ್ನು ಪುಸ್ತಿಕೆ ಸಮೇತ ಕೊಟ್ಟ. ನನ್ನ ಫೋನಿನಲ್ಲಿ ಮ್ಯಾಜಿಕ್ ಅರೀನಾ ಹಾಕಿಕೊಟ್ಟ. ಅದು ಈ ಆಟದ್ದೇ ಆ್ಯಪ್, ಆಡಲು ದುಡ್ಡು ಕೇಳೋದಿಲ್ಲ. ಅವನಿಗೂ ನಮಗೂ ಹದಿಮೂರೂವರೆ ಗಂಟೆ ಅಂತರ. ಅವನ ಶನಿವಾರ ಬೆಳಗ್ಗೆ ಎಂಟು, ನನ್ನ ಶನಿವಾರ ರಾತ್ರಿ ಒಂಬತ್ತೂವರೆ ಅಂತ ಗೊತ್ತು ಮಾಡಿಕೊಂಡೆವು. ಕಟ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡೆ. ಮೈಸೂರಿನಲ್ಲಿ ಅಮ್ಮನಿಗೆ ರಮ್ಮಿ, ಇಪ್ಪತ್ತೆಂಟು ಎರಡರಲ್ಲೂ ಒಳ್ಳೆ ಕೈ. ಮೊದಲು ಅವಳಿಗೆ ಕಲಿಸಬೇಕು. ಬೆಕ್ಕು ಅವಳಿಗೆ ಕೊಡ್ತೀನಿ, ವ್ಯಾಂಪೈರ್ ನಾನು ಆಡ್ತೀನಿ.